ಭರತ ಬರೆದ ಗೆರೆಗಳು

ಉತ್ತರ ಕನ್ನಡದ ತದಡಿಯ ಧಕ್ಕೆಯಲ್ಲಿ ಇಳಿತದ ಹೊತ್ತಿಗೆ ನಿಂತರೆ ಕಲ್ಲುಗೋಡೆಯ ಮೈಮೇಲೆ ಮೂರು ಪಟ್ಟೆಗಳು ಎದ್ದು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಕಪ್ಪು. ಅದರ ಕೆಳಗೆ ಬಿಳಿಚಿಕೊಂಡ, ಕೈ ತಾಗಿದರೆ ಚರ್ಮ ತರಚುವಷ್ಟು ಒರಟಾದ ಪಟ್ಟೆ. ತೀರ ಕೆಳಗೆ, ನೀರಿನ ಅಂಚಿಗೆ, ಜಾರುವ ಹಸಿರು. ದೋಣಿ ಕಾಯುವ ಜನ ಇದನ್ನು ನೋಡುವುದಿಲ್ಲ. ಅವರಿಗೆ ಅದು ದಿನವೂ ಕಾಣುವ ಗೋಡೆ. ಮೊದಲ ಸಲ ನೋಡಿದ ನನಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ಕಪ್ಪು ಪಟ್ಟೆಯಲ್ಲಿ ಇರುವುದು ಕಣ್ಣಿಗೆ ಬಿಡಿಯಾಗಿ ಕಾಣದ ಸೂಕ್ಷ್ಮಜೀವಿಗಳ ತೆಳು ಪದರ. ಅಲೆಯ ಸಿಡಿತ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತದ ಒಂದಿಷ್ಟು ತೇವ, ಇಷ್ಟಿದ್ದರೆ ಅದಕ್ಕೆ ಸಾಕು. ಬಿಳಿಯ ಪಟ್ಟೆ ಕಲ್ಲಿಗಂಟಿದ ಸಿಂಪಿ ಮತ್ತು ಬಾರ್ನಕಲ್‌ಗಳದ್ದು. ನೀರು ಮೇಲೇರಿ ಮುಳುಗಿಸಿದಾಗ ಬಾಯಿ ತೆರೆದು ಉಣ್ಣುತ್ತವೆ, ನೀರು ಇಳಿದಾಗ ಚಿಪ್ಪು ಮುಚ್ಚಿ ಬಿಸಿಲು ಕಳೆಯುತ್ತವೆ. ಹಸಿರು ಪಾಚಿಗೆ ಅಷ್ಟು ಹೊತ್ತು ಒಣಗಲು ಆಗದು, ಅದು ಕೆಳಗೇ ಉಳಿಯಿತು. ಹೀಗೆ ಭರತ ಎಷ್ಟು ಎತ್ತರಕ್ಕೆ ಬರುತ್ತದೆ, ಬಂದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕವನ್ನು ಜೀವಿಗಳು ತಮ್ಮ ಮೈಯಿಂದಲೇ ಬರೆದಿಟ್ಟಿವೆ. ಕಡಲಿನ ಹಳೆಯ ಮಟ್ಟವನ್ನು ಹುಡುಕುವ ಭೂವಿಜ್ಞಾನಿಗಳು ಇಂಥ ಸಾಲನ್ನೇ ಅರಸುತ್ತಾರೆ. ಇಂದಿನ ಭರತ ಮುಟ್ಟದ ಎತ್ತರದಲ್ಲಿ, ಬಂಡೆಗೆ ಕಚ್ಚಿಕೊಂಡ ಹಳೆಯ ಸಿಂಪಿಗಳ ಸಾಲು ಸಿಕ್ಕರೆ, ಒಂದು ಕಾಲಕ್ಕೆ ಕಡಲು ಅಲ್ಲಿಯವರೆಗೂ ಇತ್ತು ಎಂದು ಅರ್ಥ.

ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಊರಿಗೂ ಹೊಳೆಗೂ ಒಂದೇ ಹೆಸರು. ಶಿರಸಿಯ ಸುತ್ತಮುತ್ತ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತದೆ. ಈ ದಾರಿಯುದ್ದಕ್ಕೂ ಅದಕ್ಕೆ ಒಂದು ಅಣೆಕಟ್ಟೂ ಇಲ್ಲ. ಪಕ್ಕದ ಶರಾವತಿಯನ್ನೂ ಕಾಳಿಯನ್ನೂ ಕಂಡವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ಮಲೆನಾಡಿನ ಮಣ್ಣು, ಎಲೆ, ಸಿಹಿನೀರು ತಡೆಯಿಲ್ಲದೆ ಕೆಳಗಿಳಿಯುತ್ತವೆ. ಕಡಲಿನ ಉಪ್ಪು ತಡೆಯಿಲ್ಲದೆ ಮೇಲೇರುತ್ತದೆ. ಬೇಸಿಗೆಯಲ್ಲಿ ಭರತದ ಉಪ್ಪು ಮಿರ್ಜಾನ್ ಕೋಟೆಯ ಪಕ್ಕದಿಂದ ಸಾಗಿ ಉಪ್ಪಿನಪಟ್ಟಣದ ಕಡೆಗೂ ಹೋಗುತ್ತದೆ. ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಕಡಲಿಗಿಳಿದದ್ದೂ ಇದೇ ನೀರಿನ ಮೇಲೆ.

ನಮ್ಮ ಕರಾವಳಿಯ ಭರತ ಅಬ್ಬರದ್ದಲ್ಲ. ಖಂಬಾತ್ ಕೊಲ್ಲಿಯ ಭಾವನಗರದಲ್ಲಿ ನೀರಿನ ಏರಿಳಿತ 10 ಮೀಟರ್ ದಾಟುತ್ತದೆ. ಕಾರವಾರ, ಕುಮಟಾದ ಕಡೆ ದೊಡ್ಡ ಭರತದ ದಿನಗಳಲ್ಲೂ ಅದು ಎರಡು ಮೀಟರಿನ ಆಸುಪಾಸು. ಆದರೆ ಅಳಿವೆಯ ನೆಲ ಎಷ್ಟು ಸಪಾಟು ಎಂದರೆ, ಒಂದು ಆಳುದ್ದ ನೀರು ಇಳಿದರೆ ಹೊಳೆಯ ನಡುವೆ ಮೈದಾನಗಳೇ ಏಳುತ್ತವೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನಕ್ಕೆ ಎರಡು ಸಲ ಬರುವ ನೀರು ಮರುದಿನ 50 ನಿಮಿಷ ತಡವಾಗಿ ಬರುತ್ತದೆ. ದಡದ ಜನ ಗಡಿಯಾರದ ಬದಲು ತಿಥಿ ಎಣಿಸುವುದು ಇದಕ್ಕೇ. ಅಮಾವಾಸ್ಯೆ, ಹುಣ್ಣಿಮೆಗೆ ಮಧ್ಯಾಹ್ನದ ಸುಮಾರಿಗೆ ನೀರು ತುಂಬಿ ಸಂಜೆಗೆ ಚೆನ್ನಾಗಿ ಬರಿದಾಗುತ್ತದೆ. ಅಷ್ಟಮಿಯ ಹೊತ್ತಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಗೋಡೆಯ ಮೇಲಿನ ಪಂಚಾಂಗ ಇಲ್ಲಿ ವ್ರತಕ್ಕೂ ಬೇಕು, ಹೊಟ್ಟೆಪಾಡಿಗೂ ಬೇಕು.

ಹೊಳೆಯ ನಡುವಿನ ದಿಬ್ಬದ ಮೇಲೆ ಹೆಂಗಸರು ಬೆಳಚು ಹೆಕ್ಕುತ್ತಿದ್ದರು. ಸೊಂಟಕ್ಕೆ ಸೀರೆ ಬಿಗಿದು, ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಮಣ್ಣು ಕೆದಕಿ ಬುಟ್ಟಿಗೆ ಹಾಕುವುದು. ದಕ್ಷಿಣಕ್ಕೆ ಹೋದರೆ ತುಳುವರು ಮರುವಾಯಿ ಎನ್ನುವ ಚಿಪ್ಪುಗಳು ಇವೇ. ಅಳಿವೆಯಲ್ಲಿ ಇವುಗಳ ಹಲವು ಜಾತಿಗಳಿವೆ, ಕೆಲವಕ್ಕೆ ಉಪ್ಪು ಹೆಚ್ಚು ಬೇಕು, ಕೆಲವಕ್ಕೆ ಕಡಿಮೆ. ಆದ್ದರಿಂದ ಅಳಿವೆಬಾಯಿಂದ ಮೇಲಕ್ಕೆ ಹೋದಂತೆ ಬುಟ್ಟಿಯೊಳಗಿನ ಬಣ್ಣವೂ ಬದಲಾಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದಾಗ, ವರ್ಷಕ್ಕೆ ಸುಮಾರು 22,000 ಟನ್ ಬೆಳಚು ಈ ಒಂದು ಅಳಿವೆಯಿಂದ ಮೇಲೆ ಬರುತ್ತಿತ್ತು. ಯಾರೂ ಬಿತ್ತದ, ಯಾರೂ ಗೊಬ್ಬರ ಹಾಕದ ಬೆಳೆ ಇದು. ಆಗ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಇದರಿಂದ ನೇರ ದುಡಿಮೆ ಇತ್ತು. ಪೇಟೆಗೆ ಹೋಗಿ ಉಳಿದದ್ದು ಮನೆಯಲ್ಲಿ ಕಾಯಿತುರಿ ಹಾಕಿದ ಸುಕ್ಕವಾಗುತ್ತದೆ, ಚಿಪ್ಪು ಸುಟ್ಟರೆ ಸುಣ್ಣ.

ನಾನು ದೋಣಿಯ ಅಂಚಿನಿಂದಲೇ ಕೇಳಿದೆ, "ಅಕ್ಕಾ, ನೀರು ಎಷ್ಟು ಹೊತ್ತು ಹೀಗೇ ಇರ್ತದೆ?"

ಅವರಲ್ಲೊಬ್ಬರು ತಲೆಯೆತ್ತದೆ ಎಡಗೈ ಚಾಚಿದರು. "ಅಲ್ಲಿ ಕಾಂಡ್ಲಗಿಡದ ಬೇರು ಕಾಣ್ತದಲ್ಲ, ಅದರ ಮೇಲೆ ಕೆಸರಿನ ಗೆರೆ ಅದೆ. ನೀರು ಬೇರಿನ ಬುಡಕ್ಕೆ ಬಂತಂದ್ರೆ ನಾವು ಎದ್ದೇಳೂದು. ಗೆರೆಗೆ ಬರೂವರೆಗೆ ಕೂತ್ರೆ ದೋಣಿಗೆ ಈಜಬೇಕು."

"ಆ ಗೆರೆ ದಿನಾ ಅಲ್ಲೇ ಇರ್ತದಾ?"

"ಎಲ್ಲಿ ಇರ್ತದೆ? ಹುಣ್ಣಿಮೆಗೆ ಮೇಲೆ ಹೋಗ್ತದೆ, ಅಷ್ಟಮಿಗೆ ಕೆಳಗೆ ಬರ್ತದೆ. ನಿನ್ನೆಯದು ನೋಡಿ ಇವತ್ತಿಂದು ಹೇಳೂದು."

ಪಕ್ಕದಲ್ಲಿ ಕೂತಿದ್ದ ಹುಡುಗಿ ಈ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ನಂತರ ಬುಟ್ಟಿ ನೀರಲ್ಲಿ ಅಲ್ಲಾಡಿಸಿ ಕೆಸರು ತೊಳೆಯಲು ಎದ್ದಾಗ ಅವಳ ಕಣ್ಣು ಮೊದಲು ಹೋದದ್ದು ಆ ಬೇರಿನ ಕಡೆಗೆ. ಯಾವ ಶಾಲೆಯೂ ಕಲಿಸದ ಈ ಓದು ತಾಯಿಯ ಪಕ್ಕ ಕೂತೇ ಬರುತ್ತದೆ. ಕಾಂಡ್ಲದ, ಅಂದರೆ ಮ್ಯಾಂಗ್ರೋವಿನ, ಬೇರಿನ ಮೇಲಿನ ಮಣ್ಣು ಒಣಗಿ ಬೆಳ್ಳಗಾಗಿದೆಯೋ ಇನ್ನೂ ಹಸಿಯಾಗಿದೆಯೋ ಎಂಬುದರಿಂದ ನೀರು ಇಳಿದು ಎಷ್ಟು ಹೊತ್ತಾಯಿತು ಎಂದು ಅವರು ಹೇಳಬಲ್ಲರು. ಬೇರಿನಲ್ಲಿ ಒಂದರ ಮೇಲೊಂದು ಗೆರೆಗಳಿದ್ದರೆ ಭರತ ದಿನದಿನಕ್ಕೆ ಇಳಿಯುತ್ತಿದೆ. ಒಂದೇ ಗೆರೆ ಉಳಿದಿದ್ದರೆ ನೀರು ಏರುತ್ತಿದೆ, ಹಿಂದಿನ ದಿನದ್ದನ್ನು ತೊಳೆದುಕೊಂಡು ಹೋಗಿದೆ.

ಗೋಕರ್ಣದ ರಸ್ತೆಯಲ್ಲಿ ಸಿಗುವ ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಇದೇ ನೀರಿಗೆ ಬೇರೆ ಬಾಳು. ದೊಡ್ಡ ಭರತದಲ್ಲಿ ಒಳಗೆ ಬಿಟ್ಟ ನೀರು ಪಾತಿಯಿಂದ ಪಾತಿಗೆ ಹರಿದು, ಬಿಸಿಲಲ್ಲಿ ಗಟ್ಟಿಯಾಗುತ್ತ ಹೋಗಿ, ಕೊನೆಗೆ ಹರಳುಗಟ್ಟುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಈ ಹರಳುಪ್ಪೇ ಆಗಬೇಕೆಂದು ಹಟ ಹಿಡಿಯುವ ಮನೆಗಳು ಘಟ್ಟದ ಮೇಲೆ ಇವೆ. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದಲ್ಲಿ ಇಲ್ಲಿಗೆ ಸಮೀಪದ ಅಂಕೋಲೆಯೇ ನೆಲೆಯಾದದ್ದು ಆಶ್ಚರ್ಯವಲ್ಲ. ಭರತ ಬಿಟ್ಟುಹೋದದ್ದನ್ನು ಕೈಯಲ್ಲಿ ಎತ್ತಿಕೊಳ್ಳುವುದು ಈ ಜನರಿಗೆ ಹೊಸತಾಗಿರಲಿಲ್ಲ.

ನಾನು ಹೆಚ್ಚು ಹೊತ್ತು ಕಳೆದದ್ದು ಮಾಣಿಕಟ್ಟಾದಲ್ಲಿ. ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಇಲ್ಲಿ ಗಜನಿ ಎನ್ನುತ್ತಾರೆ. ಸುತ್ತ ಒಡ್ಡು, ಒಡ್ಡಿನ ನಡುವೆ ಅಲ್ಲಲ್ಲಿ ಹಲಗೆ ಇಳಿಸಿ ಎತ್ತುವ ಜಂತ್ರಡಿ. ಮಳೆಗಾಲ ಹಿಡಿದು ಗದ್ದೆಯ ಉಪ್ಪು ತೊಳೆದ ಮೇಲೆ ಇಲ್ಲಿ ಬೆಳೆಯುವುದು ಕಗ್ಗ. ಆಳೆತ್ತರಕ್ಕೆ ಬೆಳೆಯುವ, ನೆರೆಯಲ್ಲಿ ಮುಳುಗಿ ಎದ್ದರೂ ಸಾಯದ, ಉಪ್ಪುನೀರನ್ನು ತಾಳಿಕೊಳ್ಳುವ ಭತ್ತದ ತಳಿ ಅದು. ಗೊಬ್ಬರದ ಹಂಗಿಲ್ಲ, ಹೊಳೆ ತಂದ ಗೋಡೇ ಗೊಬ್ಬರ. ಅಕ್ಟೋಬರ್ ಸುಮಾರಿಗೆ ಕೊಯ್ಲು. ಆಗ ತೆನೆಯನ್ನು ಮಾತ್ರ ಕೊಯ್ದು ದಂಟನ್ನು ನೀರಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿಯ ಹಲಗೆ ಎತ್ತಿದರೆ ಭರತದ ಜೊತೆ ಸಿಗಡಿ, ಮೀನು, ಏಡಿ ಒಳಗೆ ಬರುತ್ತವೆ. ಕೊಳೆತ ದಂಟು ಅವಕ್ಕೆ ಮೇವು, ಮರೆ. ಇಳಿತದ ಹೊತ್ತಿಗೆ ಅದೇ ಬಾಗಿಲಿಗೆ ಬಲೆ ಕಟ್ಟುತ್ತಾರೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು, ನೆಲ ಒಂದೇ.

ಒಡ್ಡಿನ ಮೇಲೆ ಸಿಕ್ಕ ಹಿರಿಯರೊಬ್ಬರು ಹಲಗೆಯ ಮೇಲಿನ ಗುರುತನ್ನು ಬೆರಳಿಂದ ಉಜ್ಜಿ ತೋರಿಸಿದರು. ಹೊರಮೈಯಲ್ಲಿ ಭರತದ ಗೆರೆ, ಒಳಮೈಯಲ್ಲಿ ಗದ್ದೆಯ ನೀರಿನ ಗೆರೆ. ಎರಡರ ನಡುವೆ ಒಂದು ಗೇಣು ಅಂತರ.

"ಉಪ್ಪುನೀರು ನಮಗೆ ಬೇಕು," ಎಂದರು. "ಆದ್ರೆ ನಾವು ಕರೆದಾಗ ಬರ್ಬೇಕು. ಈ ಹಲಗೆ ಕೊಳೆತು ಒಂದು ರಾತ್ರಿ ಕೈಬಿಟ್ರೆ ಸಾಕು, ವರ್ಷದ ಭತ್ತ ಹೋಯ್ತು."

"ಹಲಗೆ ನೋಡ್ಕೊಳ್ಳೂದು ಯಾರು?"

"ಊರವರೇ. ಒಬ್ಬನ ಗದ್ದೆ ಅಂತ ಇಲ್ಲಿ ಬೇರೆ ಮಾಡೂಕೆ ಆಗ್ತದಾ? ನೀರು ಎಲ್ಲರ ಗದ್ದೆಗೂ ಒಟ್ಟಿಗೇ ಬರ್ತದೆ."

ಗಜನಿ ಉಳಿಯಬೇಕಾದರೆ ಊರು ಒಟ್ಟಾಗಿರಬೇಕು. ಎಲ್ಲ ಕಡೆ ಹಾಗೆ ಉಳಿದಿಲ್ಲ. 1970ರ ದಶಕದಲ್ಲಿ ಸರ್ಕಾರ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡುಗಳನ್ನು ಕಟ್ಟಿಸಿತು. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಹಣದ ಆಸೆ ಬಂತು, ಅದರ ಬೆನ್ನಿಗೆ ಬಿಳಿಚುಕ್ಕೆ ರೋಗ ಬಂದು ಕೊಳಗಳು ಬರಿದಾದವು. ಅಳಿವೆಯ ಸುತ್ತ ಒಡ್ಡು ಒಡೆದು, ಭತ್ತ ಬಿಟ್ಟು, ಭರತ ತನ್ನಿಷ್ಟಕ್ಕೆ ಬಂದುಹೋಗುವ ಗಜನಿಗಳು ಈಗ ಬಹಳ ಇವೆ. ಕೆಲವು ಕಡೆ ಕಾಂಡ್ಲ ತಾನಾಗಿ ಎದ್ದಿದೆ. ಕಗ್ಗದ ಗದ್ದೆ ಹೋಯಿತಲ್ಲ ಎಂದು ಮರುಗುವುದೋ ಕಾಂಡ್ಲ ಬಂತಲ್ಲ ಎಂದು ಹಿಗ್ಗುವುದೋ ಹೇಳುವುದು ಸುಲಭವಲ್ಲ. ನನಗೆ ಎರಡೂ ಆಯಿತು.

ಹಲಗೆಯ ಮೇಲಿನ ಆ ಗೇಣುದ್ದದ ಅಂತರಕ್ಕೆ ದೆಹಲಿಯಲ್ಲಿ ಬರೆದ ಕಾನೂನಿನಲ್ಲೂ ಜಾಗ ಇದೆ. 1991ರ ಫೆಬ್ರುವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಾಗಿನಿಂದ, ದಡದಲ್ಲಿ ಯಾರು ಏನು ಕಟ್ಟಬಹುದು ಎಂಬುದನ್ನೆಲ್ಲ ಅಳೆಯುವುದು ಉಬ್ಬರದ ಗೆರೆಯಿಂದ. ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೋ ಅದು ಉಬ್ಬರದ ಗೆರೆ. 2019ರ ಅಧಿಸೂಚನೆ ಇದಕ್ಕೆ ಸೇರಿಸಿದ ಮಾತೊಂದಿದೆ: 1991ಕ್ಕೆ ಮೊದಲೇ ಕಟ್ಟಿದ ಒಡ್ಡು ಅಥವಾ ನೀರುಬಾಗಿಲು ಇರುವಲ್ಲಿ ಗೆರೆಯನ್ನು ಅದರ ಉದ್ದಕ್ಕೇ ನಿಲ್ಲಿಸಬೇಕು. ಒಳಗೆ ಉಪ್ಪುನೀರಿಂದ ಕಾಂಡ್ಲ ಬೆಳೆದಿದ್ದರೆ ಅದಕ್ಕೆ ಮಾತ್ರ ರಕ್ಷಣೆ ಮುಂದುವರಿಯುತ್ತದೆ.

ಇದರಿಂದ ಒಡ್ಡಿನೊಳಗಿನ ರೈತನಿಗೆ ಅನುಕೂಲವೂ ಉಂಟು. ಮಗನಿಗೊಂದು ಮನೆ ಕಟ್ಟಲು ಅವನು ಕಚೇರಿಗೆ ಅಲೆಯಬೇಕಾಗಿಲ್ಲ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅರ್ಧ ವರ್ಷ ಭರತದ ನೀರು ಕುಡಿಯುವ, ಸಿಗಡಿ ಮರಿಗಳು ಬೆಳೆಯುವ ನೆಲ ಕಾಗದದಲ್ಲಿ ಬರಿಯ ಒಣನೆಲವಾದರೆ, ಮಣ್ಣು ತುಂಬಿಸಿ ರೆಸಾರ್ಟ್ ಎಬ್ಬಿಸಲು ಬರುವವನಿಗೂ ಅದೇ ಅನುಕೂಲ ಸಿಗುತ್ತದೆ. ಗಜನಿಗೆ ಗಜನಿಯೆಂದೇ ಒಂದು ಹೆಸರು, ಒಂದು ರಕ್ಷಣೆ ಕಾನೂನಿನಲ್ಲಿ ಇರಬೇಕು. ಬೇಸಾಯಗಾರನ ಮನೆಯನ್ನೂ ಹೊರಗಿನವರ ಕಟ್ಟಡವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಭರತದ ಗೆರೆಗೆ ಇನ್ನೊಂದು ಅರ್ಥ ಇರುವುದು ನಮ್ಮಲ್ಲಿ ಬಹಳ ಜನರ ಗಮನಕ್ಕೆ ಬಂದಿಲ್ಲ. ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತಾರಲ್ಲ, ಆ ಸಮುದ್ರ ಮಟ್ಟವನ್ನು ಯಾರೋ ಎಲ್ಲೋ ನಿಂತು ಅಳೆದಿರಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ 1909ರಲ್ಲಿ ಇಡೀ ದೇಶದ ಎತ್ತರಗಳಿಗೆ ತಳಹದಿ ಗೊತ್ತುಮಾಡಿದಾಗ ಆಧಾರವಾಗಿ ತೆಗೆದುಕೊಂಡದ್ದು ಒಂಬತ್ತು ಬಂದರುಗಳ ಭರತ-ಇಳಿತದ ದಾಖಲೆಗಳನ್ನು. ಕರಾಚಿ, ಮುಂಬಯಿ, ಮದ್ರಾಸು, ಕೊಚ್ಚಿಗಳ ಜೊತೆಗೆ ಆ ಪಟ್ಟಿಯಲ್ಲಿ ಕಾರವಾರವೂ ಇತ್ತು. ಏರಿದ ನೀರು, ಇಳಿದ ನೀರು ಎರಡನ್ನೂ ವರ್ಷಗಟ್ಟಲೆ ಗುರುತಿಸಿ ಸರಾಸರಿ ತೆಗೆದದ್ದೇ ಸಮುದ್ರ ಮಟ್ಟ. ಕಡಲನ್ನೇ ಕಾಣದ ಊರಿನ ನಿಲ್ದಾಣದಲ್ಲೂ ಈ ಎತ್ತರ ಬರೆದಿರುತ್ತದೆ. ಕುಮಟಾದ ನಿಲ್ದಾಣದಲ್ಲಿ ರೈಲು ಕಾಯುವಾಗ ಇದು ನೆನಪಾಗಿ ಮೈ ಪುಳಕಗೊಂಡಿತು.

ಗೋಕರ್ಣದ ಮರಳದಂಡೆಯಲ್ಲಿ ಭರತ ಬೇರೆ ಬಗೆಯಲ್ಲಿ ಬರೆಯುತ್ತದೆ. ಅಲೆ ಮುಟ್ಟಿದ ಕೊನೆಯ ಅಂಚಿನಲ್ಲಿ ಕಸಕಡ್ಡಿಯ ಉದ್ದ ಸಾಲು: ಗಾಳಿಮರದ ಸೂಜಿಯೆಲೆ, ಕಡಲ ಪಾಚಿ, ಖಾಲಿ ಚಿಪ್ಪು, ಹಳ್ಳಿವೈದ್ಯರು ಔಷಧಿಗೆ ಹೆಕ್ಕಿ ಇಟ್ಟುಕೊಳ್ಳುವ ಸಮುದ್ರ ನೊರೆ, ಹೊಳೆಯಿಂದ ತೇಲಿಬಂದ ಕಾಂಡ್ಲದ ಉದ್ದನೆಯ ಮೊಳಕೆಗಾಯಿ. ಈಗ ಅದರಲ್ಲಿ ನೈಲಾನ್ ಬಲೆಯ ತುಂಡು, ಹವಾಯಿ ಚಪ್ಪಲಿ, ಥರ್ಮಾಕೋಲ್, ಬಾಟಲಿಯ ಮುಚ್ಚಳಗಳೂ ಸೇರಿವೆ. ಪ್ರವಾಸಿಗರ ಕಣ್ಣಿಗೆ ಎಲ್ಲವೂ ಕಸ. ಯಂತ್ರ ತಂದು ಗುಡಿಸಿ ಬಳಿಯುವುದನ್ನು ಹಲವು ಬೀಚುಗಳಲ್ಲಿ ಕಂಡಿದ್ದೇನೆ. ಪ್ಲಾಸ್ಟಿಕ್ ಹೆಕ್ಕಲೇಬೇಕು, ಆದರೆ ಕೈಯಿಂದ ಹೆಕ್ಕಬೇಕು. ಪಾಚಿ ಕೊಳೆಯುವಲ್ಲಿ ಹುಳ, ಹುಳ ಇರುವಲ್ಲಿ ಏಡಿ ಮತ್ತು ಹಕ್ಕಿ. ಆ ಸಾಲು ಗಾಳಿಯ ಮರಳನ್ನು ಹಿಡಿದು ನಿಲ್ಲಿಸುತ್ತದೆ, ಮರಳಲ್ಲಿ ಬಳ್ಳಿ ಹಬ್ಬುತ್ತದೆ, ಬಳ್ಳಿ ದಿಬ್ಬವನ್ನು ಕಟ್ಟುತ್ತದೆ.

ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ದಂಡೆಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಕಡಲಾಮೆ ಈ ಸಾಲನ್ನು ದಾಟಿ ಮೇಲೆ ಹೋಗುತ್ತದೆ. ಗೆರೆಯ ಕೆಳಗೆ ಗುಂಡಿ ತೋಡಿದರೆ ಮುಂದಿನ ಹುಣ್ಣಿಮೆಗೆ ಮೊಟ್ಟೆ ಮುಳುಗುತ್ತದೆ. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆಗಳು, ಮರಿಯಾಗಲು ಒಂದೂವರೆ ಎರಡು ತಿಂಗಳು. ಅಷ್ಟೂ ದಿನ ಭರತ ಆ ಜಾಗವನ್ನು ಮುಟ್ಟಬಾರದು. ಗೆರೆಯ ಮೇಲೆ ಒಣ ಮರಳು ಉಳಿದಿರಬೇಕು, ಇಷ್ಟೇ ಅದರ ಬೇಡಿಕೆ. ಕೊರೆತಕ್ಕೆಂದು ಹಾಕಿದ ಕಲ್ಲುಗೋಡೆ ಇರುವಲ್ಲಿ ಭರತ ಗೋಡೆಗೇ ಬಂದು ಬಡಿಯುತ್ತದೆ. ಅಲ್ಲಿ ಆಮೆಗೆ ಹತ್ತಲು ನೆಲವೇ ಇಲ್ಲ, ದೋಣಿ ಎಳೆದಿಡುವ ಮೀನುಗಾರನಿಗೂ ಇಲ್ಲ.

ಈ ಗೆರೆ ಇನ್ನು ಮೇಲೆ ಇದ್ದಲ್ಲೇ ಇರುವುದಿಲ್ಲ. ಉಪಗ್ರಹಗಳು ಅಳೆಯಲು ತೊಡಗಿದ 1993ರಿಂದೀಚೆಗೆ ಜಗತ್ತಿನ ಕಡಲ ಮಟ್ಟ ಸರಾಸರಿ ವರ್ಷಕ್ಕೆ 3 ಮಿಲಿಮೀಟರಿಗೂ ಹೆಚ್ಚು ಏರಿದೆ. ಸಪಾಟಾದ ಗಜನಿಯಲ್ಲಿ ಒಂದು ಬೆರಳು ಎತ್ತರದ ನೀರು ಎಷ್ಟು ದೂರ ಒಳಗೆ ಹೋಗುತ್ತದೆ ಎಂದು ಮಾಣಿಕಟ್ಟಾದ ಯಾರನ್ನು ಕೇಳಿದರೂ ಹೇಳುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋದಾಗ ಕಡಲು ಎಷ್ಟೋ ಅಂಗಳಗಳಿಗೆ ನುಗ್ಗಿತು. ಕಡಲು ಹೀಗೆ ಏರುತ್ತಿದ್ದಾಗಲೇ 2019ರ ಅಧಿಸೂಚನೆ, ಜನದಟ್ಟಣೆಯ ಹಳ್ಳಿಗಾಡಿನ ದಂಡೆಗಳಲ್ಲಿ ಉಬ್ಬರದ ಗೆರೆಯಿಂದ ಕಟ್ಟಡ ಕಟ್ಟಬಾರದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ನೀರು ಮುಂದೆ ಬರುತ್ತಿರುವಾಗ ನಾವೂ ಮುಂದೆ ಹೋಗುವುದು ವಿವೇಕವಲ್ಲ.

ಅಘನಾಶಿನಿಯ ಅಳಿವೆ ಇಲ್ಲಿಯವರೆಗೆ ಉಳಿದದ್ದು ಜನ ಉಳಿಸಿದ್ದರಿಂದ. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಬೆಳಚಿನವರು, ಮೀನಿನವರು, ಗಜನಿಯವರು ಎದ್ದುನಿಂತರು, ಅದು ಕೈಬಿಟ್ಟುಹೋಯಿತು. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಮಹತ್ವದ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಗೌರವ ಸಲ್ಲಬೇಕಾದದ್ದೇ. ಆದರೆ ಫಲಕ ನೆಟ್ಟ ಮಾತ್ರಕ್ಕೆ ಜಂತ್ರಡಿಯ ಹಲಗೆ ಬದಲಾಗುವುದಿಲ್ಲ.

ಕರಾವಳಿಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಕರಾವಳಿ ವಲಯ ನಿರ್ವಹಣಾ ನಕ್ಷೆ ಸಾರ್ವಜನಿಕ ದಾಖಲೆ. ಅದರಲ್ಲಿ ಉಬ್ಬರದ ಗೆರೆಯನ್ನು ಎಲ್ಲಿ ಎಳೆದಿದ್ದಾರೆ ಎಂದು ನೋಡಿ. ಬರುವ ಅಮಾವಾಸ್ಯೆಯ ಮಧ್ಯಾಹ್ನ ಆ ಜಾಗಕ್ಕೆ ಹೋಗಿ, ಬೆಳಚು ಹೆಕ್ಕುವವರನ್ನೋ ಬಲೆ ಬಿಡುವವರನ್ನೋ ಜೊತೆಗೆ ಕರೆದುಕೊಂಡು, ನೀರು ನಿಜವಾಗಿ ಎಲ್ಲಿಯವರೆಗೆ ಬಂತು ಎಂದು ಗುರುತು ಮಾಡಿ. ಎರಡೂ ಹೊಂದದಿದ್ದರೆ ಬರೆದು ಕೊಡಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಒಂದು ಸಮಿತಿ ಇರಬೇಕು, ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಅದರಲ್ಲಿ ಕೂರಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ಆ ಮೂವರು ಯಾರು ಎಂದು ಕೇಳಿ ತಿಳಿದುಕೊಳ್ಳಿ.